ಪ್ರಮಾಣ ದ್ರಾವಣವೂ ತ್ರಾಸಿನ ಮುಳ್ಳೂ

ರಸಾಯನಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಹೊಸ ಮೂಲವಸ್ತುಗಳನ್ನು ಕಂಡುಹಿಡಿದ ಮಹನೀಯರ ಕಥೆಯನ್ನೇ ಹೇಳುತ್ತಾರೆ. ಪ್ರಯೋಗಶಾಲೆಯ ಹಲಗೆಯ ಮೇಲೆ ಚೀಟಿ ಅಂಟಿಸಿಕೊಂಡು ಕುಳಿತಿರುವ ಒಂದು ಸೀಸೆಯ ಕಥೆಯನ್ನು ಹೇಳುವವರು ವಿರಳ. ಆ ಸೀಸೆಯಲ್ಲಿರುವುದು ಪ್ರಮಾಣ ದ್ರಾವಣ. ಎಂದರೆ, ಒಂದು ಲೀಟರಿನಲ್ಲಿ ಇಂತಹ ವಸ್ತು ಇಷ್ಟು ತೂಕ ಕರಗಿದೆಯೆಂದು ನಿಶ್ಚಯವಾಗಿ ಗೊತ್ತಿರುವ ದ್ರಾವಣ. ಗೊತ್ತಿಲ್ಲದ ಯಾವ ದ್ರವದ ಬಲವನ್ನಾದರೂ ತಿಳಿಯಬೇಕಾದರೆ ಈ ಗೊತ್ತಿರುವ ದ್ರವವನ್ನು ಹನಿಹನಿಯಾಗಿ ಅದಕ್ಕೆ ಸೇರಿಸಿ, ಬಣ್ಣ ಬದಲಾದ ಕ್ಷಣದಲ್ಲಿ ನಿಲ್ಲಿಸಿ, ಎಷ್ಟು ವ್ಯಯವಾಯಿತೆಂದು ಲೆಕ್ಕ ಹಾಕುತ್ತಾರೆ. ಇದಕ್ಕೆ ಅನುಮಾಪನವೆಂದು ಹೆಸರು. ಕೆಲಸ ಸುಲಭ, ಕಾಲೇಜಿನ ಮೊದಲ ವರ್ಷದ ಹುಡುಗರೂ ಮಾಡುತ್ತಾರೆ. ಆದರೆ ಸೀಸೆಯ ಮೇಲಿನ ಚೀಟಿ ಸುಳ್ಳಾಗಿದ್ದರೆ ಆ ಬಳಿಕ ನಡೆಯುವ ಸಕಲ ಲೆಕ್ಕವೂ ಸುಳ್ಳು.

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ಹೆಸರುಗಳನ್ನು ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವುದು ತೇಗದ ಕಾಡು, ಬಿದಿರಿನ ಮೆಳೆ, ಕಾಳೀ ನದಿ. ಇವುಗಳ ವಿಷಯವಾಗಿ ಬೇಕಾದಷ್ಟು ಹೇಳಿಯಾಗಿದೆ. ಇಲ್ಲಿ ನಾವು ಅದೇ ಪ್ರದೇಶವನ್ನು ಒಂದು ಸೀಸೆಯ ಮೂಲಕ ನೋಡಲು ಉದ್ದೇಶಿಸಿದ್ದೇವೆ. ಕಾಗದದ ಕಾರ್ಖಾನೆ, ಅದಿರಿನ ವ್ಯಾಪಾರ, ಕಬ್ಬು, ಗದ್ದೆಯ ಮಣ್ಣು, ನದಿಯ ನೀರು ಇವೆಲ್ಲವೂ ಈ ಸೀಮೆಯಲ್ಲಿ ಆ ಸೀಸೆಗೆ ಋಣಿಯಾಗಿವೆ.

ಮೊದಲು ಒಂದು ಸೂಕ್ಷ್ಮವನ್ನು ಗ್ರಹಿಸಬೇಕು. ಅಳೆಯುವ ಕೆಲಸದಲ್ಲಿ ತಪ್ಪು ಎರಡು ಬಗೆಯದು. ಕಣ್ಣಿನ ಅಂದಾಜಿನಲ್ಲಿ ಒಮ್ಮೆ ಅರ್ಧ ಹನಿ ಹೆಚ್ಚಾಗುತ್ತದೆ, ಇನ್ನೊಮ್ಮೆ ಅರ್ಧ ಹನಿ ಕಡಮೆಯಾಗುತ್ತದೆ. ಹತ್ತು ಸಲ ಮಾಡಿ ಸರಾಸರಿ ತೆಗೆದರೆ ಈ ಹೆಚ್ಚುಕಡಮೆಗಳು ಬಹುಮಟ್ಟಿಗೆ ಒಂದನ್ನೊಂದು ಹೊಡೆದುಹಾಕುತ್ತವೆ. ಪ್ರಮಾಣ ದ್ರಾವಣವನ್ನು ತಯಾರಿಸುವಾಗ ತೂಕದಲ್ಲಿ ಆದ ತಪ್ಪು ಹಾಗಲ್ಲ. ಅಂಗಡಿಯವನ ಸೇರೇ ಚಿಕ್ಕದಾಗಿದ್ದರೆ ನೂರು ಸಲ ಅಳೆಸಿಕೊಂಡರೂ ಅಕ್ಕಿ ತುಂಬಿ ಬಾರದು; ನೂರು ಸಲವೂ ಅಷ್ಟೇ ನಷ್ಟ, ಮತ್ತು ಪ್ರತಿ ಸಲವೂ ಅಳತೆ ಒಂದೇ ಸಮನಾಗಿ ಬರುವುದರಿಂದ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಪ್ರಮಾಣ ದ್ರಾವಣದ ತಪ್ಪು ಈ ಎರಡನೆಯ ಜಾತಿಯದು. ಆದುದರಿಂದಲೇ ಅದನ್ನು ತೂಗುವ ಮೊದಲ ಹತ್ತು ನಿಮಿಷಗಳಿಗೆ ಅಷ್ಟು ಬೆಲೆ.

ನಮ್ಮ ಹಿರಿಯರು ಈ ವಿಚಾರವನ್ನು ಅರಿಯದವರಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ ಅಳತೆಗಳನ್ನು ನೋಡಿಕೊಳ್ಳುವ ಪೌತವಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ತೂಕದ ಬಟ್ಟುಗಳನ್ನು ಕಬ್ಬಿಣದಿಂದಲೋ ಗೊತ್ತಾದ ಸೀಮೆಯ ಕಲ್ಲಿನಿಂದಲೋ ಮಾಡಬೇಕು, ಇಲ್ಲವೆ ನೀರು ತಗುಲಿದರೂ ಕಾವು ತಗುಲಿದರೂ ಹೆಚ್ಚುಕಡಮೆಯಾಗದ ಪದಾರ್ಥದಿಂದ ಮಾಡಬೇಕು ಎಂಬ ಅಭಿಪ್ರಾಯ ಅಲ್ಲಿದೆ. ಇಂದಿನ ರಸಾಯನಶಾಸ್ತ್ರಜ್ಞನು ಪ್ರಮಾಣ ವಸ್ತುವನ್ನು ಆರಿಸುವಾಗ ಕೇಳುವ ಮೊದಲ ಪ್ರಶ್ನೆಯೂ ಇದೇ: ಇದು ಗಾಳಿಯ ತೇವವನ್ನು ಹೀರುವುದೇ? ಕಾಯಿಸಿದರೆ ಕೆಡುವುದೇ? ಅದೇ ಗ್ರಂಥದಲ್ಲಿ ಐದು ಗುಲಗಂಜಿಯ ತೂಕವೆಂದರೆ ಒಂದು ಸುವರ್ಣಮಾಷವೆಂದು ಹೇಳಿದೆ. ಅಕ್ಕಸಾಲಿಗರೂ ಚಿನಿವಾರರೂ ಈ ಕೆಂಪು ಕಾಳನ್ನು ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಕೈಬಿಡಲಿಲ್ಲ.

ಗುಲಗಂಜಿ ಒಳ್ಳೆಯ ತೂಕವೇ? ಅದರ ಸಿಪ್ಪೆ ಗಟ್ಟಿ, ಬೇಗ ತೇವ ಹಿಡಿಯದು, ಎಲ್ಲಿ ಬೇಕಾದರೂ ದೊರೆಯುತ್ತದೆ. ಆದರೆ ಬಳ್ಳಿಯಿಂದ ಬಳ್ಳಿಗೆ, ಕಾಳಿನಿಂದ ಕಾಳಿಗೆ ಭಾರ ಬೇರೆ. ೧೮೩೩ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ತೊಲವನ್ನು ೧೮೦ ಗ್ರೇನ್ ಎಂದು ಗೊತ್ತುಮಾಡಿದರು. ಎರಡು ವರ್ಷಗಳ ತರುವಾಯ ಬಂದ ಬೆಳ್ಳಿಯ ರೂಪಾಯಿಯೂ ಅದೇ ತೂಕದ್ದು. ತೊಲಕ್ಕೆ ೯೬ ಗುಲಗಂಜಿ ಎಂಬ ಹಳೆಯ ಲೆಕ್ಕವನ್ನು ಇದಕ್ಕೆ ಹೊಂದಿಸಿದರೆ ಒಂದು ಕಾಳಿಗೆ ಸುಮಾರು ೧೨೧ ಮಿಲಿಗ್ರಾಂ ಬೀಳುತ್ತದೆ. ಹೀಗೆ ಸರಕಾರದ ನಾಣ್ಯವೇ ಪೇಟೆಯ ತೂಕವಾಯಿತು. ಎಂಬತ್ತು ರೂಪಾಯಿ ಭಾರವೆಂದರೆ ಒಂದು ಸೇರು. ಕೈಯಿಂದ ಕೈಗೆ ತಿರುಗಿ ಸವೆದ ರೂಪಾಯಿಯಿಂದ ತೂಗಿದರೆ ಕೊಳ್ಳುವವನಿಗೆ ನಷ್ಟವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪ್ರಯೋಗಶಾಲೆಯ ಸಾಮಾನ್ಯ ಸೂಕ್ಷ್ಮ ತ್ರಾಸು ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಪಾಲನ್ನು ತೋರಿಸುತ್ತದೆ. ಎಂದರೆ ಒಂದು ಗುಲಗಂಜಿಯನ್ನು ಸಾವಿರದ ಇನ್ನೂರು ಪಾಲು ಮಾಡಿ ಅದರಲ್ಲಿ ಒಂದು ಪಾಲನ್ನು ಗುರುತಿಸಿದಂತೆ.

ಅನುಮಾಪನದ ವಿದ್ಯೆ ಹುಟ್ಟಿದುದು ವಿದ್ವಾಂಸರ ಪೀಠದಲ್ಲಿ ಅಲ್ಲ, ಬಟ್ಟೆ ಬಿಳುಪು ಮಾಡುವವರ ತೊಟ್ಟಿಯ ಪಕ್ಕದಲ್ಲಿ. ಫ್ರಾನ್ಸ್ ದೇಶದ ರುವಾ ನಗರದಲ್ಲಿ ದೆಕ್ರ್ವಾಜೀ ಎಂಬವನು ಕ್ಲೋರಿನ್ ನೀರಿನ ಬಲವನ್ನು ಅಳೆಯಲು ಗಂಧಕಾಮ್ಲದಲ್ಲಿ ಕರಗಿಸಿದ ನೀಲಿಯನ್ನು ಬಳಸಿ, ಆ ವಿಧಾನವನ್ನು ೧೭೯೫ರಲ್ಲಿ ಪ್ರಕಟಿಸಿದನು. ನೀರು ಸಪ್ಪೆಯಾಗಿದ್ದರೆ ಬಟ್ಟೆ ಬೆಳ್ಳಗಾಗದು. ತೀಕ್ಷ್ಣವಾಗಿದ್ದರೆ ನೂಲೇ ಹರಿದುಹೋಗುವುದು. ಆದರೆ ನೀಲಿಯೆಂಬುದು ಗಿಡದಿಂದ ಬಂದ ಸರಕು. ಒಂದು ಗಂಟಿನ ನೀಲಿಯಂತೆ ಇನ್ನೊಂದು ಗಂಟಿನದು ಇರದು. ಗುಲಗಂಜಿಗಿದ್ದ ದೋಷವೇ ಇಲ್ಲಿಯೂ ಬಂದಿತು. ಬ್ಯೂರೆಟ್, ಪಿಪೆಟ್ ಎಂಬ ಹೆಸರುಗಳನ್ನು ಬಳಕೆಗೆ ತಂದ ಗೇ-ಲುಸಾಕ್ ಪಂಡಿತನು ೧೮೨೪ರಲ್ಲಿ ನೀಲಿಯನ್ನೇ ಹಿಡಿದಿದ್ದು, ೧೮೩೫ರ ಹೊತ್ತಿಗೆ ಅದನ್ನು ಬಿಟ್ಟು ಶುದ್ಧಮಾಡಿ ತೂಗಬಲ್ಲ ಪಾಷಾಣವನ್ನು, ಎಂದರೆ ಆರ್ಸೆನಿಕ್ಕಿನ ಆಕ್ಸೈಡನ್ನು, ಹಿಡಿದನು. ಪ್ರಮಾಣ ವಸ್ತುವನ್ನು ಅಂದಾಜಿನಿಂದ ಬಿಡಿಸಿ ತ್ರಾಸಿಗೆ ಕಟ್ಟಿದ ಹೆಜ್ಜೆ ಇದು.

ಅದೇ ಮಹನೀಯನ ಇನ್ನೊಂದು ಕಾರ್ಯ ಇದಕ್ಕಿಂತ ದೊಡ್ಡದು. ಟಂಕಸಾಲೆಯಲ್ಲಿ ಬೆಳ್ಳಿಯನ್ನು ಸೀಸದೊಡನೆ ಪುಟಕ್ಕಿಟ್ಟು, ಉಳಿದ ಗುಂಡನ್ನು ತೂಗಿ ಅದರ ಶುದ್ಧಿಯನ್ನು ಹೇಳುತ್ತಿದ್ದರು. ಪುಟದಲ್ಲಿ ಸ್ವಲ್ಪ ಬೆಳ್ಳಿಯೂ ಹೋಗುತ್ತಿದ್ದುದರಿಂದ ಲೋಹದ ಶುದ್ಧಿ ಇರುವುದಕ್ಕಿಂತ ಸಾವಿರಕ್ಕೆ ಕೆಲವು ಪಾಲು ಕಡಮೆಯಾಗಿ ತೋರುತ್ತಿತ್ತು. ಗೇ-ಲುಸಾಕನು ೧೮೩೨ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಬೆಂಕಿಯೇ ಇಲ್ಲ. ಬೆಳ್ಳಿಯನ್ನು ಆಮ್ಲದಲ್ಲಿ ಕರಗಿಸಿ ಅಡುಗೆಯ ಉಪ್ಪಿನ ದ್ರಾವಣವನ್ನು ಸೇರಿಸುತ್ತ ಬಂದರೆ ಬೆಳ್ಳಿಯೆಲ್ಲವೂ ಬಿಳಿಯ ಮೊಸರಿನಂತೆ ಕೆಳಗಿಳಿಯುತ್ತದೆ. ನೂರು ಮಿಲಿಲೀಟರ್ ದ್ರಾವಣ ಸರಿಯಾಗಿ ಒಂದು ಗ್ರಾಂ ಬೆಳ್ಳಿಯನ್ನು ಇಳಿಸುವಂತೆ ಉಪ್ಪನ್ನು ಅಳವಡಿಸಿದ್ದನು. ಇಂದಿನ ಪರಮಾಣು ತೂಕಗಳ ಲೆಕ್ಕದಲ್ಲಿ ಅದು ಲೀಟರಿಗೆ ೫.೪೧೮ ಗ್ರಾಂ ಉಪ್ಪು. ರಾಜ್ಯದ ಬೊಕ್ಕಸವು ಉಪ್ಪಿನ ಸೀಸೆಯೊಂದನ್ನು ನಂಬಿ ನಿಂತ ಪ್ರಸಂಗ ಚರಿತ್ರೆಯಲ್ಲಿ ಇದೇ ಮೊದಲಿರಬಹುದು. ಆ ಮೇಲೆ ೧೮೫೫ರಲ್ಲಿ ಜರ್ಮನಿಯ ಮೋರ್ ಎಂಬವನು ಈ ವಿಧಾನಗಳನ್ನೆಲ್ಲ ಒಂದು ಪುಸ್ತಕದಲ್ಲಿ ಕ್ರಮಪಡಿಸಿದನು. ಅವನ ಹೆಸರನ್ನು ಹಳಿಯಾಳದ ಕಬ್ಬಿನ ಮಾತು ಬಂದಾಗ ಮತ್ತೆ ಎತ್ತಬೇಕಾಗುತ್ತದೆ.

ಈಗ ಕಾಳೀ ತೀರಕ್ಕೆ ಬರೋಣ. ಈ ಜಿಲ್ಲೆ ೧೮೬೨ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದು, ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯದಲ್ಲಿ ಒಂದಾಯಿತು. ಆಗ ಹಳಿಯಾಳ ತಾಲ್ಲೂಕಿಗೆ ಸೇರಿದ್ದ ದಾಂಡೇಲಿ ಈಗ ತಾನೇ ಒಂದು ತಾಲ್ಲೂಕು. ಅಲ್ಲಿನ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸಂಸ್ಥೆ ೧೯೫೫ರಲ್ಲಿ ನೋಂದಣಿಯಾಗಿ, ೧೯೫೯ರಲ್ಲಿ ಕಾಗದದ ತಯಾರಿಕೆ ಆರಂಭವಾಯಿತು. ಇತ್ತ ಭದ್ರಾವತಿಯಲ್ಲಿ ಮೈಸೂರು ಪೇಪರ್ ಮಿಲ್ಸ್ ೧೯೩೬ರಲ್ಲಿಯೇ ಸ್ಥಾಪಿತವಾಗಿದ್ದಿತು. ಎರಡೂ ಕಡೆ ಮೊದಲ ಆಹಾರ ಬಿದಿರು.

ದಾಂಡೇಲಿಯ ಕಾರ್ಖಾನೆ ಏಳುತ್ತಿದ್ದ ಆ ಮೂರುನಾಲ್ಕು ವರ್ಷಗಳು ತೂಕದ ಚರಿತ್ರೆಯಲ್ಲಿ ಸಾಮಾನ್ಯವಾದವಲ್ಲ. ತೂಕ ಮತ್ತು ಅಳತೆಗಳ ಕಾನೂನು ೧೯೫೬ರ ಡಿಸೆಂಬರಿನಲ್ಲಿ ಆಯಿತು. ಎಂದರೆ ಜಿಲ್ಲೆ ರಾಜ್ಯವನ್ನು ಬದಲಿಸಿದ ಮರುತಿಂಗಳೇ. ೧೯೫೭ರ ಏಪ್ರಿಲ್ ೧ರಂದು ಆಣೆ ಪೈ ಹೋಗಿ ನಯಾ ಪೈಸೆ ಬಂದಿತು. ೧೯೫೮ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಒಂದೊಂದಾಗಿ ಬಳಕೆಗೆ ಬಂದು, ೧೯೬೨ರ ಏಪ್ರಿಲ್ ಹೊತ್ತಿಗೆ ತೊಲ, ಸೇರು, ಮಣಗಳು ಕಾನೂನಿನ ಮಾನ್ಯತೆಯನ್ನು ಕಳೆದುಕೊಂಡವು. ಹೀಗಾಗಿ ಕೆಲವು ವರ್ಷಗಳ ಕಾಲ ಕಾರ್ಖಾನೆಯ ಬಾಗಿಲಿನ ಹೊರಗೆ ಒಂದು ತೂಕ, ಒಳಗೆ ಪ್ರಯೋಗಶಾಲೆಯಲ್ಲಿ ಇನ್ನೊಂದು ತೂಕ. ಒಂದು ಸೇರು ೯೩೩ ಗ್ರಾಂ. ಕಿಲೋಗ್ರಾಮಿಗೂ ಸೇರಿಗೂ ಇರುವ ೬೭ ಗ್ರಾಮಿನ ಅಂತರದಲ್ಲಿ ಎಷ್ಟು ಮನೆಗಳ ಲೆಕ್ಕ ತಪ್ಪಿತೋ ಹೇಳಲಾಗದು. ಪ್ರಯೋಗಶಾಲೆಯವರಿಗೆ ಮಾತ್ರ ಈ ಗೊಂದಲವಿರಲಿಲ್ಲ. ಅವರ ಶಾಸ್ತ್ರ ಮೊದಲಿನಿಂದಲೂ ಗ್ರಾಮಿನಲ್ಲಿಯೇ ಮಾತನಾಡುತ್ತ ಬಂದಿದೆ.

ಬಿದಿರನ್ನೂ ಮರವನ್ನೂ ನಾರಾಗಿ ಬಿಡಿಸಲು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಸೇರಿದ ದ್ರವದಲ್ಲಿ ಒತ್ತಡದಲ್ಲಿಟ್ಟು ಬೇಯಿಸುತ್ತಾರೆ. ಈ ದ್ರವದ ಬಲವನ್ನು ಮತ್ತೆ ಮತ್ತೆ ಆಮ್ಲದಿಂದ ಪರೀಕ್ಷಿಸುತ್ತಲೇ ಇರಬೇಕು. ಕಾಸ್ಟಿಕ್ ಸೋಡಾವನ್ನೇ ತೂಗಿ ಪ್ರಮಾಣ ದ್ರಾವಣ ಮಾಡಬಾರದೇ ಎಂದು ಕೇಳಬಹುದು. ಅದು ಆಗದ ಮಾತು. ತಟ್ಟೆಯ ಮೇಲೆ ಇಟ್ಟೊಡನೆ ಗಾಳಿಯ ನೀರನ್ನು ಹೀರಿ ಬೆವರತೊಡಗುವ ಆ ಗುಂಡುಗಳ ತೂಕ ಕಣ್ಣೆದುರಿಗೇ ಏರುತ್ತದೆ. ಮಳೆಗಾಲದ ಜೋಯಿಡಾ ದಾಂಡೇಲಿಗಳಲ್ಲಿ ಕೇಳಬೇಕೇ! ಅದರ ಮೇಲೆ ಗಾಳಿಯ ಇಂಗಾಲಾಮ್ಲವೂ ಅಂಟಿಕೊಳ್ಳುತ್ತದೆ. ಹೈಡ್ರೋಕ್ಲೋರಿಕ್ ಆಮ್ಲವನ್ನೂ ತೂಗಿ ನಂಬಲಾಗದು, ಅದು ಆವಿಯಾಗಿ ಹೋಗುತ್ತದೆ. ಆದುದರಿಂದ ನಂಬಿಕೆಯ ಬೇರು ಮೂರನೆಯ ವಸ್ತುವಿನಲ್ಲಿದೆ: ೨೬೦ರಿಂದ ೨೭೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕಾಯಿಸಿ ಒಣಗಿಸಿದ ಶುದ್ಧ ಸೋಡಿಯಂ ಕಾರ್ಬೊನೇಟ್. ಅದನ್ನು ತೂಗಿ, ಅದರಿಂದ ಆಮ್ಲದ ಬಲವನ್ನು ತಿಳಿದು, ಆಮ್ಲದಿಂದ ಬೇಯಿಸುವ ದ್ರವದ ಬಲವನ್ನು ತಿಳಿಯುತ್ತಾರೆ.

ಬೆಂದ ನಾರಿನಲ್ಲಿ ಇನ್ನೂ ಎಷ್ಟು ಲಿಗ್ನಿನ್ ಉಳಿದಿದೆಯೆಂದು ನೋಡಲು ಬೇರೊಂದು ಪರೀಕ್ಷೆ ಉಂಟು. ಅದರ ಫಲಕ್ಕೆ ಕಪ್ಪಾ ಸಂಖ್ಯೆ ಎನ್ನುತ್ತಾರೆ. ನಾರಿಗೆ ಪೊಟ್ಯಾಸಿಯಂ ಪರ್ಮಾಂಗನೇಟನ್ನು ಉಣಿಸಿ, ಅದು ತಿನ್ನದೆ ಬಿಟ್ಟುದನ್ನು ಸೋಡಿಯಂ ಥಯೋಸಲ್ಫೇಟಿನಿಂದ ಅಳೆಯುವುದು ಅದರ ಕ್ರಮ. ಥಯೋಸಲ್ಫೇಟನ್ನೂ ತೂಗಿ ನಂಬಲಾಗದ ಕಾರಣ, ಅದರ ಬಲವನ್ನು ನಿರ್ಣಯಿಸಲು ಸಾಮಾನ್ಯವಾಗಿ ಕರೆಯುವ ಸಾಕ್ಷಿ ಪೊಟ್ಯಾಸಿಯಂ ಡೈಕ್ರೋಮೇಟ್. ಕಿತ್ತಳೆಯ ಬಣ್ಣದ ಈ ಹರಳನ್ನು ಶುದ್ಧವಾಗಿ ಪಡೆಯಬಹುದು; ಗಾಳಿಯ ತೇವಕ್ಕೆ ಅದು ಅಂಜುವುದಿಲ್ಲ; ದ್ರಾವಣವನ್ನು ಮುಚ್ಚಿಟ್ಟರೆ ವರ್ಷಗಟ್ಟಲೆ ಬಲಗುಂದದು. ಗ್ಲಾಸ್ಗೋ ನಗರದ ಪೆನ್ನಿ ಎಂಬ ಪ್ರಾಧ್ಯಾಪಕನು ೧೮೫೦ರಲ್ಲಿ ಕಬ್ಬಿಣದ ಅದಿರನ್ನು ಪರೀಕ್ಷಿಸಲು ಇದನ್ನು ಬಳಸಿದಂದಿನಿಂದ ಇದಕ್ಕೆ ನಿವೃತ್ತಿಯಿಲ್ಲ. ವಿಷವಸ್ತುವೆಂಬುದೊಂದೇ ಇದರ ದೊಡ್ಡ ಅವಗುಣ. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಚರಂಡಿಗೆ ಚೆಲ್ಲುವಂತಿಲ್ಲ. ಡೈಕ್ರೋಮೇಟನ್ನು ತೂಗಿದವನು ತಾನೆಣಿಸಿದ್ದಕ್ಕಿಂತ ನೂರಕ್ಕೆ ಒಂದು ಪಾಲು ಕಡಮೆ ಹಾಕಿದ್ದನೆನ್ನೋಣ. ಆಗ ಥಯೋಸಲ್ಫೇಟಿನ ಬಲ ಇರುವುದಕ್ಕಿಂತ ಹೆಚ್ಚೆಂದು ದಾಖಲಾಗುತ್ತದೆ, ಕಪ್ಪಾ ಸಂಖ್ಯೆಯೂ ಹೆಚ್ಚಾಗಿ ತೋರುತ್ತದೆ, ನಾರು ಇನ್ನೂ ಮಾಸಲೆಂದು ಬಗೆದು ಬಿಳುಪಿಸುವ ತೊಟ್ಟಿಗೆ ಬೇಕಾದುದಕ್ಕಿಂತ ಹೆಚ್ಚು ರಾಸಾಯನಿಕವನ್ನು ಬಿಡುತ್ತಾರೆ. ರುವಾ ನಗರದ ಬಟ್ಟೆಯ ತೊಟ್ಟಿಯಲ್ಲಿ ಎದ್ದ ಪ್ರಶ್ನೆ ಕಾಳೀ ತೀರದ ನಾರಿನ ತೊಟ್ಟಿಯಲ್ಲಿಯೂ ಹಾಗೆಯೇ ನಿಂತಿದೆ.

ಜೋಯಿಡಾ ಸೀಮೆಯ ಗುಡ್ಡಗಳಲ್ಲಿ ಮ್ಯಾಂಗನೀಸ್ ಅದಿರುಂಟು. ಸೂಪಾ ಅಣೆಕಟ್ಟು ೧೯೮೭ರಲ್ಲಿ ಮುಗಿದು ಹಳೆಯ ಸೂಪಾ ಊರು ನೀರಿನಡಿ ಹೋದುದರಿಂದ ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವೆಂಬುದು ಎಲ್ಲರಿಗೂ ತಿಳಿದುದೇ. ದಾಂಡೇಲಿಯಲ್ಲಿ ಫೆರೋ ಮ್ಯಾಂಗನೀಸ್ ಮಾಡುವ ಕಾರ್ಖಾನೆಯೊಂದು ಐವತ್ತರ ದಶಕದಲ್ಲಿಯೇ ತಲೆಯೆತ್ತಿತು. ಅದಿರಿನ ಬೆಲೆ ಗಾಡಿಯ ಭಾರದ ಮೇಲೆ ಮಾತ್ರ ನಿಲ್ಲುವುದಿಲ್ಲ. ಅದರಲ್ಲಿ ನೂರಕ್ಕೆ ಎಷ್ಟು ಪಾಲು ಲೋಹವಿದೆ ಎಂಬುದರ ಮೇಲೆ ನಿಲ್ಲುತ್ತದೆ. ಮಾರುವವನ ಪರೀಕ್ಷಕ ಒಂದು ಸಂಖ್ಯೆ ಹೇಳಿ, ಕೊಳ್ಳುವವನ ಪರೀಕ್ಷಕ ಅದಕ್ಕಿಂತ ಒಂದು ಪಾಲು ಕಡಮೆ ಹೇಳಿದರೆ ಸಾವಿರಾರು ಟನ್ನಿನ ಮೇಲೆ ಆ ಒಂದು ಪಾಲು ಜಗಳಕ್ಕೆ ಸಾಕು. ಪರ್ಮಾಂಗನೇಟಿನಿಂದ ಮ್ಯಾಂಗನೀಸನ್ನು ಅಳೆಯುವ ಕ್ರಮವನ್ನು ಫೋಲ್ಹಾರ್ಡ್ ಎಂಬವನು ೧೮೭೯ರಲ್ಲಿ ಹೇಳಿಕೊಟ್ಟನು. ಪರ್ಮಾಂಗನೇಟು ಬೆಳಕಿಗೂ ಧೂಳಿಗೂ ಕೆಡುವ ವಸ್ತುವಾದುದರಿಂದ ಅದರ ಬಲವನ್ನು ತಿಳಿಯಲು ಸೋಡಿಯಂ ಆಕ್ಸಲೇಟನ್ನು ತೂಗುತ್ತಾರೆ. ಇದನ್ನು ಪ್ರಮಾಣ ವಸ್ತುವಾಗಿ ಎತ್ತಿಹಿಡಿದವನು, ಮುಂದೆ ೧೯೦೯ರಲ್ಲಿ ಆಮ್ಲತೆಯ ಪಿ.ಎಚ್. ಮಾನವನ್ನು ಕಲ್ಪಿಸಿದ ಡೆನ್ಮಾರ್ಕಿನ ಸೋರೆನ್ಸೆನ್. ಇಬ್ಬರು ಪರೀಕ್ಷಕರ ನಡುವಣ ವ್ಯಾಜ್ಯವನ್ನು ಬಗೆಹರಿಸಲು ನಾವು ಕರೆಯುವ ಪಂಚನು, ಕೊನೆಗೆ, ಒಂದು ಚಿಟಿಕೆ ಬಿಳಿಯ ಪುಡಿ.

ಹಳಿಯಾಳದಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಸಕ್ಕರೆ ಕಾರ್ಖಾನೆ ಬಂದಿತು. ಸಕ್ಕರೆಯ ಪರೀಕ್ಷೆಯಲ್ಲಿ ಹನಿಗಳ ಲೆಕ್ಕವಿಲ್ಲ. ದ್ರಾವಣದ ಮೂಲಕ ಬೆಳಕು ಎಷ್ಟು ತಿರುಗಿತೆಂದು ನೋಡುತ್ತಾರೆ. ಆದರೂ ಎಲ್ಲವೂ ನಿಂತಿರುವುದು ಒಂದೇ ತೂಕದ ಮೇಲೆ: ಸರಿಯಾಗಿ ೨೬ ಗ್ರಾಂ ಸಕ್ಕರೆಯನ್ನು ೨೦ ಡಿಗ್ರಿಯಲ್ಲಿ ೧೦೦ ಮಿಲಿಲೀಟರ್ ಆಗುವಂತೆ ಕರಗಿಸಬೇಕು. ಈ ಇಪ್ಪತ್ತಾರು ಎಲ್ಲಿಂದ ಬಂದಿತು? ಮೊದಲು ಅದು ೨೬.೦೪೮ ಆಗಿತ್ತು, ಮತ್ತು ಮೋರನ ಲೀಟರಿಗೆ ಹೊಂದಿಸಿದ್ದಿತು. ಮೋರನು ೧೭.೫ ಡಿಗ್ರಿಯ ನೀರನ್ನು ಗಾಳಿಯಲ್ಲಿ ಹಿತ್ತಾಳೆಯ ಬಟ್ಟುಗಳಿಂದ ಒಂದು ಕಿಲೋಗ್ರಾಂ ತೂಗಿ, ಅದು ಹಿಡಿಸುವ ಜಾಗವನ್ನೇ ಲೀಟರೆಂದನು. ಅದು ನಿಜವಾದ ಲೀಟರಿಗಿಂತ ಎರಡು ಮಿಲಿಲೀಟರಿಗೂ ಸ್ವಲ್ಪ ಹೆಚ್ಚು. ಹೀಗಾಗಿ ಯೂರೋಪಿನಲ್ಲಿ ಎರಡು ಲೀಟರುಗಳು ಬಹುಕಾಲ ಜೊತೆಯಾಗಿ ನಡೆದವು. ೧೯೦೦ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಕ್ಕರೆ ಸಮಿತಿ ಮೋರನ ಲೀಟರನ್ನು ಬಿಟ್ಟು ೨೬ ಗ್ರಾಮನ್ನು ನಿಲ್ಲಿಸಿತು. ಇದು ಗಾಳಿಯಲ್ಲಿ ತೂಗಿದ ೨೬ ಎಂಬುದು ಸ್ವಾರಸ್ಯದ ಸಂಗತಿ. ನೀರಿನಲ್ಲಿ ಮುಳುಗಿದ ವಸ್ತು ಹಗುರವಾಗುವಂತೆ ಗಾಳಿಯಲ್ಲಿರುವ ವಸ್ತುವೂ ಕೊಂಚ ಹಗುರವಾಗುತ್ತದೆ. ಸಕ್ಕರೆ ಹಿತ್ತಾಳೆಗಿಂತ ಹೆಚ್ಚು ಜಾಗ ಹಿಡಿಯುವುದರಿಂದ ಹೆಚ್ಚು ಹಗುರವಾಗುತ್ತದೆ. ನಿರ್ವಾತದಲ್ಲಿ ಅದೇ ಸಕ್ಕರೆ ೨೬.೦೧೬ ಗ್ರಾಂ. ದಿನವೂ ತೂಗುವವನಿಗೆ ತಿದ್ದುಪಡಿಯ ಕಾಟವಿರಬಾರದೆಂದು ಅದನ್ನು ಮೊದಲೇ ಸಂಖ್ಯೆಯೊಳಗೆ ಅಡಗಿಸಿಟ್ಟ ಆ ಸಮಿತಿಯವರು ವ್ಯವಹಾರ ಬಲ್ಲವರು.

ಕಬ್ಬು ಬೆಳೆಯುವವನಿಗೆ ಇದರಿಂದೇನು? ಕೇಂದ್ರ ಸರಕಾರ ಗೊತ್ತುಮಾಡುವ ಕಬ್ಬಿನ ಬೆಲೆ ಸಕ್ಕರೆಯ ಇಳುವರಿಯನ್ನು ಅನುಸರಿಸಿ ಏರುತ್ತದೆ, ಹತ್ತನೆಯ ಒಂದು ಪಾಲಿನ ಹೆಚ್ಚಳಕ್ಕೂ ಲೆಕ್ಕವುಂಟು. ಇಳುವರಿಯೆಂದರೆ ಅರೆದ ಕಬ್ಬಿನ ತೂಕಕ್ಕೂ ಬಂದ ಸಕ್ಕರೆಯ ತೂಕಕ್ಕೂ ಇರುವ ಪ್ರಮಾಣ. ಸಿಪ್ಪೆಯಲ್ಲಿ ಎಷ್ಟು ಹೋಯಿತು, ಕಾಕಂಬಿಯಲ್ಲಿ ಎಷ್ಟು ಉಳಿಯಿತು ಎಂದು ಸಾಕ್ಷಿ ಹೇಳುವುದು ಪ್ರಯೋಗಶಾಲೆ. ಗಾಡಿಯ ತೂಕದ ಮೇಲೆ ರೈತನ ಕಣ್ಣಿರುವುದು ಸಹಜವೇ. ಆದರೆ ಒಳಗಿನ ಚಿಕ್ಕ ತ್ರಾಸಿನ ಮೇಲೂ ಕೇಳುವ ಹಕ್ಕು ಅವನಿಗಿದೆಯೆಂದು ನಮ್ಮ ಭಾವನೆ.

ಮುಂಡಗೋಡದ ಮಾತು ಚಿಕ್ಕದು. ೧೯೬೬ರಲ್ಲಿ ಅಲ್ಲಿ ಟಿಬೆಟ್ಟಿನ ನಿರಾಶ್ರಿತರ ವಸತಿ ಆರಂಭವಾಯಿತು. ಕಾಡು ಕಡಿದು ಮಾಡಿದ ಹೊಸ ಹೊಲಗಳಲ್ಲಿ ಅವರು ಬೇಸಾಯ ಹೂಡಿದರು. ಹೊಸ ಹೊಲವಾಗಲಿ ಹಳೆಯ ಗದ್ದೆಯಾಗಲಿ, ಮಣ್ಣಿನಲ್ಲಿ ಸಾರವೆಷ್ಟೆಂದು ತಿಳಿಯಲು ವಾಕ್ಲಿ ಮತ್ತು ಬ್ಲ್ಯಾಕ್ ಎಂಬಿಬ್ಬರು ೧೯೩೪ರಲ್ಲಿ ಪ್ರಕಟಿಸಿದ ಕ್ರಮವೇ ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಕೆಯಲ್ಲಿದೆ. ಮಣ್ಣಿನ ಸಾವಯವ ಇಂಗಾಲವನ್ನು ಡೈಕ್ರೋಮೇಟಿನಿಂದ ದಹಿಸಿ, ಮಿಕ್ಕ ಡೈಕ್ರೋಮೇಟನ್ನು ಅಳೆಯುವುದು. ಲೀಟರಿಗೆ ೪೯.೦೩ ಗ್ರಾಂ ಹರಳು. ೨೦೧೫ರಿಂದ ರೈತರಿಗೆ ಕೊಡುತ್ತ ಬಂದಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ಇಂಗಾಲದ ಅಂಕಣವೊಂದುಂಟು. ಆ ಅಂಕಣದ ಹಿಂದೆ ಇರುವುದು ಈ ಕಿತ್ತಳೆ ಹರಳೇ.

ನದಿಯ ನೀರಿಗೂ ಅದೇ ಸಾಕ್ಷಿ. ಜಲಮಾಲಿನ್ಯದ ಕಾನೂನು ೧೯೭೪ರಲ್ಲಿ ಬಂದಿತು. ತ್ಯಾಜ್ಯ ನೀರಿನಲ್ಲಿ ಆಮ್ಲಜನಕವನ್ನು ಬೇಡುವ ಕಶ್ಮಲವೆಷ್ಟೆಂದು ನೋಡಲು ಅದನ್ನು ಡೈಕ್ರೋಮೇಟಿನೊಡನೆ ಆಮ್ಲದಲ್ಲಿ ಎರಡು ಗಂಟೆ ಕುದಿಸುತ್ತಾರೆ. ಈ ಕೆಲಸದ ದ್ರಾವಣ ಲೀಟರಿಗೆ ಸುಮಾರು ೧೨.೨೬ ಗ್ರಾಮಿನದು. ಒಳನಾಡಿನ ನದಿಗೆ ಬಿಡುವ ನೀರಿಗೆ ದೇಶದ ಸಾಮಾನ್ಯ ಮಿತಿ ಲೀಟರಿಗೆ ೨೫೦ ಮಿಲಿಗ್ರಾಂ. ಹರಳು ನೂರಕ್ಕೆ ಒಂದು ಪಾಲು ಕಡಮೆ ಬಿದ್ದಿದ್ದರೆ, ನಿಜವಾಗಿ ೨೪೮ ಇರುವ ನೀರು ೨೫೦ನ್ನು ದಾಟಿದಂತೆ ಕಾಣುತ್ತದೆ. ಹೆಚ್ಚು ಬಿದ್ದಿದ್ದರೆ ದಾಟಿದ ನೀರು ದಾಟದಂತೆ ಕಾಣುತ್ತದೆ. ಇದರಿಂದ ತ್ರಾಸೇ ಸರ್ವಸ್ವವೆಂದು ತಿಳಿಯಬಾರದು. ನೀರನ್ನು ಯಾವ ಹೊತ್ತಿನಲ್ಲಿ, ಯಾವ ದಡದಲ್ಲಿ, ಎಷ್ಟು ಆಳದಲ್ಲಿ ಹಿಡಿದರೆಂಬುದರಿಂದ ಆಗುವ ವ್ಯತ್ಯಾಸ ಇದರ ಹತ್ತು ಪಾಲು ಇರಬಹುದು. ಆದರೆ ಹಿಡಿದ ಹೊತ್ತನ್ನು ಯಾರಾದರೂ ಪ್ರಶ್ನಿಸಬಹುದು. ಸೀಸೆಯ ಚೀಟಿಯನ್ನು ಪ್ರಶ್ನಿಸುವವರೇ ಇಲ್ಲ.

ಹಾಗಾದರೆ ಎಷ್ಟು ನಿಖರವಾಗಿ ತೂ‌ಗಬೇಕು? ದಶಮಾಂಶದ ನಾಲ್ಕನೆಯ ಅಂಕೆಯವರೆಗೆ ಓದಿದ ಮಾತ್ರಕ್ಕೆ ಕೃತಕೃತ್ಯರಾದೆವೆಂದು ತಿಳಿಯುವುದು ಯುವಕರ ಸಾಮಾನ್ಯ ಭ್ರಮೆ. ಮೊದಲನೆಯದಾಗಿ, ಎಷ್ಟನ್ನು ತೂಗುತ್ತೇವೆ ಎಂಬುದನ್ನು ನೋಡಬೇಕು. ನೂರು ಮಿಲಿಲೀಟರಿಗೆಂದು ೦.೪೯ ಗ್ರಾಂ ಡೈಕ್ರೋಮೇಟ್ ತೂಗುವಾಗ ಒಂದು ಮಿಲಿಗ್ರಾಂ ತಪ್ಪಿದರೆ ಅದು ಸಾವಿರಕ್ಕೆ ಎರಡು, ಲೀಟರಿಗೆಂದು ೪.೯ ಗ್ರಾಂ ತೂಗುವಾಗ ಅದೇ ತಪ್ಪು ಹತ್ತು ಸಾವಿರಕ್ಕೆ ಎರಡು. ಆದುದರಿಂದ ಅನುಭವಿಗಳು ಒಟ್ಟಿಗೆ ಹೆಚ್ಚು ಮಾಡಿಡುತ್ತಾರೆ. ಎರಡನೆಯದಾಗಿ, ಒಣಗಿಸಿದ ಬಟ್ಟಲು ತಣ್ಣಗಾಗದೆ ತಟ್ಟೆಗೆ ಏರಬಾರದು. ಬಿಸಿಯ ಗಾಳಿ ಮೇಲೇಳುತ್ತ ಬಟ್ಟಲನ್ನೂ ಎತ್ತಿ ಹಗುರವೆಂದು ತೋರಿಸುತ್ತದೆ.

ಮೂರನೆಯ ಸಂಗತಿ ನಮ್ಮ ಸೀಮೆಯ ಸೆಖೆಗೆ ಸಂಬಂಧಿಸಿದುದು, ಮತ್ತು ಇದನ್ನು ಮರೆಯುವವರೇ ಹೆಚ್ಚು. ಲೀಟರಿನ ಪಾತ್ರೆಯ ಕತ್ತಿನ ಗೆರೆ ೨೦ ಡಿಗ್ರಿಗೆ ಹಾಕಿದ್ದು. ಏಪ್ರಿಲ್ ತಿಂಗಳಿನ ಮಧ್ಯಾಹ್ನ ಕೋಣೆಯಲ್ಲಿ ೩೦ ಡಿಗ್ರಿ ಇರುವಾಗ ಗೆರೆಯವರೆಗೆ ನೀರು ತುಂಬಿದರೆ, ಅದು ೨೦ ಡಿಗ್ರಿಗೆ ತಣಿದಾಗ ಸುಮಾರು ಎರಡೂವರೆ ಮಿಲಿಲೀಟರ್ ಕಡಮೆಯಾಗಿರುತ್ತದೆ. ಎಂದರೆ ಸಾವಿರಕ್ಕೆ ಎರಡೂವರೆ. ತ್ರಾಸಿನ ನಾಲ್ಕನೆಯ ಅಂಕೆ ಇದರ ಮುಂದೆ ಏನೂ ಅಲ್ಲ. ಒಳ್ಳೆಯ ದರ್ಜೆಯ ಪಾತ್ರೆಯಲ್ಲಿ ಗೆರೆಯದೇ ತಪ್ಪು ಲೀಟರಿಗೆ ಅರ್ಧ ಮಿಲಿಲೀಟರನ್ನು ಮುಟ್ಟದು. ಗಾಳಿ ಎತ್ತಿಹಿಡಿಯುವುದರಿಂದ ಡೈಕ್ರೋಮೇಟಿನ ತೂಕದಲ್ಲಿ ಆಗುವ ವ್ಯತ್ಯಾಸ ಹತ್ತು ಸಾವಿರಕ್ಕೆ ಮೂರು. ಉಷ್ಣಮಾಪಕವನ್ನು ನೋಡದೆ ತ್ರಾಸಿನ ಮುಂದೆ ಉಸಿರು ಬಿಗಿಹಿಡಿದು ಕೂರುವುದು, ಕೊಪ್ಪರಿಗೆ ಸೋರುತ್ತಿರುವಾಗ ಚಮಚೆಯನ್ನು ಒರೆಸಿದಂತೆ.

ತ್ರಾಸಿನ ಜಾತಿಯೂ ಬದಲಾಗಿದೆ. ಲಾವ್ವಾಸಿಯೆಯ ಕಾಲದಿಂದ ಬಂದ ಎರಡು ತಟ್ಟೆಯ ತ್ರಾಸಿನಲ್ಲಿ ದಂಡವು ಅಗೇಟ್ ಕಲ್ಲಿನ ಅಲಗಿನ ಮೇಲೆ ತೂಗುತ್ತಿತ್ತು. ೧೮೭೦ರಲ್ಲಿ ಸಾರ್ಟೋರಿಯಸ್ ಎಂಬವನು ಗಿಡ್ಡ ದಂಡದ ತ್ರಾಸನ್ನು ಮಾಡಿ ಕಾಯುವ ಹೊತ್ತನ್ನು ತಗ್ಗಿಸಿದನು. ೧೯೪೫ರಲ್ಲಿ ಸ್ವಿಟ್ಜರ್ಲೆಂಡಿನ ಮೆಟ್ಲರ್ ಒಂದೇ ತಟ್ಟೆಯದನ್ನು ತಂದನು. ಆ ಬಳಿಕ ವಿದ್ಯುತ್ತಿನ ತ್ರಾಸು ಬಂದು ಮುಳ್ಳೇ ಮಾಯವಾಯಿತು. ಹಳೆಯ ತ್ರಾಸಿನಲ್ಲಿ ಒಂದು ಗುಣವಿತ್ತು. ಎರಡು ತಟ್ಟೆಗಳನ್ನೂ ಭೂಮಿ ಒಂದೇ ಬಲದಿಂದ ಎಳೆಯುವುದರಿಂದ ಯಾವ ಊರಿಗೆ ಒಯ್ದರೂ ತೂಕ ಒಂದೇ. ವಿದ್ಯುತ್ತಿನ ತ್ರಾಸು ಅಳೆಯುವುದು ಎಳೆತವನ್ನು. ದೆಹಲಿಯಲ್ಲಿ ಸರಿಮಾಡಿದ ತ್ರಾಸನ್ನು ದಾಂಡೇಲಿಗೆ ತಂದು ಹಾಗೆಯೇ ಬಳಸಿದರೆ, ಭೂಮಧ್ಯರೇಖೆಗೆ ಹತ್ತಿರವಾದ ಈ ಊರಿನಲ್ಲಿ ಎಳೆತ ಕಡಮೆಯಾದುದರಿಂದ ಐದು ಗ್ರಾಮಿಗೆ ನಾಲ್ಕು ಮಿಲಿಗ್ರಾಮಿಗೂ ಮೇಲ್ಪಟ್ಟು ಹಗುರವೆಂದು ಹೇಳುತ್ತದೆ. ಗುಲಗಂಜಿಗೆ ತನ್ನ ಕಪ್ಪು ಕಾಣದೆನ್ನುತ್ತಾರಲ್ಲವೆ? ಮಿನುಗುವ ಅಂಕೆಗಳ ಆ ಯಂತ್ರಕ್ಕೂ ತನ್ನ ಕಪ್ಪು ಕಾಣದು. ಊರಿಗೆ ಬಂದ ಮೇಲೆ ಗೊತ್ತಾದ ಬಟ್ಟನ್ನಿಟ್ಟು ಅದನ್ನು ತಿದ್ದಲೇಬೇಕು.

ಆ ಬಟ್ಟಿನ ವಂಶಾವಳಿ ದೊಡ್ಡದು. ೧೮೮೯ರಲ್ಲಿ ಪ್ಯಾರಿಸ್ಸಿನ ಬಳಿ ಪ್ಲಾಟಿನಂ ಇರಿಡಿಯಂ ಲೋಹದ ಒಂದು ಉರುಳೆಯನ್ನು ಕಿಲೋಗ್ರಾಮೆಂದು ಸಾರಿದರು. ಅದರ ೫೭ನೆಯ ಪ್ರತಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆಯಲ್ಲಿದೆ. ನೂರು ವರ್ಷಗಳಲ್ಲಿ ಪ್ರತಿಗಳಿಗೂ ಮೂಲಕ್ಕೂ ಒಂದು ಮಿಲಿಗ್ರಾಮಿನ ಸುಮಾರು ಇಪ್ಪತ್ತನೆಯ ಒಂದು ಪಾಲು ಅಂತರ ಕಂಡಿತು. ಹಗುರವಾದುದು ಮೂಲವೋ, ಭಾರವಾದುದು ಪ್ರತಿಗಳೋ ಎಂದು ಹೇಳಲು ಮೂರನೆಯ ತ್ರಾಸಿರಲಿಲ್ಲ. ೨೦೧೯ರ ಮೇ ೨೦ರಿಂದ ಕಿಲೋಗ್ರಾಂ ಲೋಹದ ಉರುಳೆಯಲ್ಲ. ಪ್ಲಾಂಕ್ ಎಂಬ ಪಂಡಿತನ ಹೆಸರಿನ ನಿಯತಾಂಕದಿಂದ ಅದನ್ನು ನಿರೂಪಿಸಿದ್ದಾರೆ. ಹಳಿಯಾಳದ ೨೬ ಗ್ರಾಮೂ ದಾಂಡೇಲಿಯ ೧೨.೨೬ ಗ್ರಾಮೂ ಆ ದಿನ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಬದಲಾಗದಿರುವಂತೆಯೇ ನಿಯಾಮಕರು ಸಂಖ್ಯೆಯನ್ನು ಆರಿಸಿದ್ದರು.

ಇನ್ನು ಪರೀಕ್ಷಕನ ಕೈಗೆಲಸದ ಒಂದು ಗುಟ್ಟು. ಲೀಟರಿಗೆ ೪.೯೦೩೧ ಗ್ರಾಂ ಬೇಕೆಂದು ಪುಸ್ತಕ ಹೇಳಿದರೆ, ಅನುಭವಿಯು ಅಷ್ಟನ್ನೇ ತೂಗಲು ಹರಳಿನ ಮೇಲೆ ಹರಳು ಹಾಕುತ್ತ, ತೆಗೆಯುತ್ತ, ತೇವಕ್ಕೂ ಧೂಳಿಗೂ ಅದನ್ನು ಒಡ್ಡುತ್ತ ಕೂರುವುದಿಲ್ಲ. ಹತ್ತಿರಕ್ಕೆ ಬಂದೊಡನೆ ನಿಲ್ಲಿಸಿ, ನಿಜವಾಗಿ ಬಿದ್ದುದು ೪.೯೦೯೬ ಎಂದು ಓದಿ, ಬಟ್ಟಲಿನಿಂದ ಪಾತ್ರೆಗೆ ಇಳಿಸಿ, ಬಟ್ಟಲನ್ನು ಮತ್ತೆ ತೂಗಿ ಅದರಲ್ಲಿ ಅಂಟಿ ಉಳಿದುದೇನೂ ಇಲ್ಲವೆಂದು ಕಂಡುಕೊಂಡು, ನೀರಿನ ಕಾವನ್ನು ನೋಡಿ ಗೆರೆಯವರೆಗೆ ತುಂಬುತ್ತಾನೆ. ಬಳಿಕ ಚೀಟಿಯ ಮೇಲೆ ವಸ್ತುವಿನ ಹೆಸರು, ತೂಕ, ದಿನಾಂಕ, ಕಾವು, ತನ್ನ ಸಹಿ ಇವುಗಳನ್ನು ಬರೆದು, ಅವುಗಳ ಕೆಳಗೆ ಗುಣಕ ೧.೦೦೧೩ ಎಂದು ಬರೆಯುತ್ತಾನೆ. ಮುಂದಿನ ಸರದಿಯವನು ಬಂದು ಸೀಸೆಯನ್ನು ಎತ್ತಿಕೊಂಡಾಗ ಮೊದಲು ಓದುವುದು ಆ ಕೊನೆಯ ಸಾಲನ್ನೇ.